ಅಳತೆಗೆ ಸಿಗದ ಜೋಮು



ಬೆಳಗಾದರೆ ಕಾರ್ಖಾನೆಯ ಬಸ್ಸಿಗೆ ಕಾಯುವವರು ನಮ್ಮ ಹೊಸೂರಿನ ಬೀದಿ ಬೀದಿಯಲ್ಲೂ ಇದ್ದಾರೆ. ಅವರು ದಿನವಿಡೀ ದುಡಿಯುವ ಜಾಗ ದೇಹಕ್ಕೆ ಹೊಂದುತ್ತದೆಯೇ ಎಂದು ತಪಾಸಣೆ ಮಾಡುವುದುಂಟು. ಬೆಳಕನ್ನು ಲಕ್ಸ್‌ನಲ್ಲಿ, ಸದ್ದನ್ನು ಡೆಸಿಬಲ್‌ನಲ್ಲಿ ಅಳೆಯುತ್ತಾರೆ. ಕುತ್ತಿಗೆ, ಬೆನ್ನು, ತೋಳು, ಮಣಿಕಟ್ಟು ಎಷ್ಟು ಬಾಗುತ್ತವೆ ಎಂದು ನೋಡಿ, ‘ರೂಲಾ’ ಎಂಬ ವಿಧಾನದಲ್ಲಿ 1ರಿಂದ 7ರವರೆಗೆ ಅಂಕ ಕೊಡುತ್ತಾರೆ. 7 ಬಂದರೆ ಕೆಲಸದ ರೀತಿಯನ್ನು ಕೂಡಲೇ ಬದಲಿಸಬೇಕು.

ಇದೆಲ್ಲ ಬೇಕಾದದ್ದೇ. ಆದರೆ ಅಂಕ ಕಡಿಮೆ ಬಂದ ಮಾತ್ರಕ್ಕೆ ನ್ಯಾಯ ಸಂದಂತಾಯಿತೇ?

ರಾತ್ರಿ ಬೆರಳು ಜೋಮು ಹಿಡಿದು ಎಚ್ಚರವಾಗುವುದು ಆ ಅಂಕದಲ್ಲಿ ಕಾಣುವುದಿಲ್ಲ. ಅದು ಮಣಿಕಟ್ಟಿನಲ್ಲಿ ನರ ಒತ್ತಿಹೋಗಿರುವ ಸೂಚನೆ ಇರಬಹುದು. ಅದನ್ನು ಹೇಳಬಲ್ಲವಳು ಆ ಮೇಜಿನಲ್ಲಿ ದುಡಿಯುವವಳು ಮಾತ್ರ. ‘ನೋವಿದೆಯೇ’ ಎಂದು ಬೇರೆ ಭಾಷೆಯಲ್ಲಿ ಕೇಳಿದರೆ ಇಲ್ಲ ಎಂದಾಳು, ಜೋಮು ನೋವಲ್ಲವಲ್ಲ! ಗುತ್ತಿಗೆಯ ಕೆಲಸವಾದರೆ ಬಾಯಿ ಬಿಡಲು ಭಯವೂ ಇದೆ.

ಮಾತು ಹೆಚ್ಚುಕಡಿಮೆ ಆಗಬಹುದು, ಯಂತ್ರ ಸುಳ್ಳಾಡದು ಎನ್ನುವವರಿದ್ದಾರೆ. ನಿಜ. ಆದರೆ ಡೆಸಿಬಲ್ ಮೀಟರಿಗೆ ಸದ್ದು ಗೊತ್ತೇ ಹೊರತು ದಣಿವು ಗೊತ್ತಿಲ್ಲ.

ಸಂತ ಎರಡನೇ ಜಾನ್ ಪೌಲರು 1981ರ ‘ಲಾಬೊರೆಮ್ ಎಕ್ಸೆರ್ಚೆನ್ಸ್’ ಪರಿಪತ್ರದಲ್ಲಿ ಕೆಲಸಕ್ಕಿಂತ ಕೆಲಸ ಮಾಡುವ ವ್ಯಕ್ತಿ ದೊಡ್ಡವನೆಂದು ಬೋಧಿಸಿದರು. ಅದನ್ನು ನಂಬುವುದಾದರೆ, ಮೇಜಿನ ಎತ್ತರ ತೀರ್ಮಾನಿಸುವಾಗ ಅಲ್ಲಿ ದುಡಿಯುವವಳ ಮಾತನ್ನೂ ಸಾಕ್ಷಿಯಾಗಿ ಬರೆದುಕೊಳ್ಳಬೇಕು. ಕೇಳದೆ ಬಿಡುವುದು ಅನ್ಯಾಯವೇ.

ಓದಿ ಇಂಥ ತಪಾಸಣೆಯ ಕೆಲಸಕ್ಕೆ ಸೇರುವ ನಮ್ಮ ಯುವಜನರು ಮೀಟರಿನ ಜೊತೆ ಒಂದು ಪ್ರಶ್ನೆಯನ್ನೂ ಒಯ್ಯಲಿ: “ಅಕ್ಕಾ, ರಾತ್ರಿ ಹೊತ್ತು ಕೈ ಜೋಮು ಹಿಡೀತದಾ?”