ಕೈಗುಣ

ಹೈದರಾಬಾದಿಗೆ ಬಂದ ಮೊದಲ ಎರಡು ವರ್ಷ ನಾನು ಯುಗಾದಿಗೆ ಊರಿಗೆ ಹೋಗಲಿಲ್ಲ. ಕಾರಣ ಕೇಳಿದರೆ ನಿಮಗೆ ನಗು ಬರಬಹುದು. ಜೀವಕೋಶಗಳಿಗೆ ಊಟ ಹಾಕಬೇಕಿತ್ತು. ತಿಪಟೂರಿನಿಂದ ಅಮ್ಮ ಫೋನಿನಲ್ಲಿ, "ಹಬ್ಬಕ್ಕೂ ಬರಲ್ವೇನಪ್ಪಾ? ಹಸ ಕಟ್ಕೊಂಡೋರ ಥರ ಆಡ್ತೀಯಲ್ಲ" ಎಂದಳು. ಅವಳು ತಮಾಷೆಗೆ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಹಸು ಕಟ್ಟಿದವರಿಗೂ ಕೋಶ ಸಾಕುವವರಿಗೂ ಭಾನುವಾರ ಅನ್ನುವುದಿಲ್ಲ.

ಕೆಲಸ ಏನೆಂದು ಹೇಳುತ್ತೇನೆ. ಮನುಷ್ಯನ ದೇಹದಿಂದಲೋ ಪ್ರಾಣಿಯ ದೇಹದಿಂದಲೋ ತೆಗೆದ ಕೋಶಗಳನ್ನು ಅಂಗೈಯಗಲದ ಪ್ಲಾಸ್ಟಿಕ್ ಫ್ಲಾಸ್ಕಿನ ತಳದಲ್ಲಿ ಬೆಳೆಸುತ್ತೇವೆ. 37 ಡಿಗ್ರಿ ಶಾಖ, ಶೇಕಡಾ 5ರಷ್ಟು ಕಾರ್ಬನ್ ಡೈಆಕ್ಸೈಡ್ ಇರುವ ಇನ್‌ಕ್ಯುಬೇಟರ್ ಅವುಗಳ ಮನೆ. ಸಕ್ಕರೆ, ಲವಣ, ಅಮೈನೋ ಆಮ್ಲ, ಸೀರಮ್ ಬೆರೆತ ಮೀಡಿಯಾ ಅವುಗಳ ಆಹಾರ. ಅದರಲ್ಲೊಂದು ಬಣ್ಣ ಹಾಕಿರುತ್ತಾರೆ. ಕೋಶಗಳು ತಿಂದು ಆಮ್ಲ ಬಿಟ್ಟಂತೆ ಕೆಂಪು ಮೀಡಿಯಾ ಹಳದಿಗೆ ತಿರುಗುತ್ತದೆ. ಆಗ ಹಳೆಯದನ್ನು ಹೀರಿ ಹೊಸದನ್ನು ಹಾಕಬೇಕು. ತಳವೆಲ್ಲ ತುಂಬಿಕೊಳ್ಳುವ ಹೊತ್ತಿಗೆ ಟ್ರಿಪ್ಸಿನ್ ಹಾಕಿ ಕೋಶಗಳನ್ನು ಬಿಡಿಸಿ, ಎಣಿಸಿ, ಹೊಸ ಫ್ಲಾಸ್ಕುಗಳಿಗೆ ಹಂಚಬೇಕು. ಟ್ರಿಪ್ಸಿನ್ ಒಂದೆರಡು ನಿಮಿಷ ಹೆಚ್ಚಾದರೆ ಕೋಶ ನಲುಗುತ್ತದೆ, ಕಡಿಮೆಯಾದರೆ ಬಿಡುವುದಿಲ್ಲ. ವರ್ಷಗಟ್ಟಲೆ ಇದೇ.

ನಮ್ಮ ಲ್ಯಾಬಿನಲ್ಲಿ ಇದನ್ನು ಎಲ್ಲರಿಗಿಂತ ಚೆನ್ನಾಗಿ ಮಾಡುತ್ತಿದ್ದವರು ಒಬ್ಬ ಹಿರಿಯ ತಂತ್ರಜ್ಞೆ. ತೆಲುಗಿನವರು. ನಾವೆಲ್ಲ ಅವರನ್ನು ಅಕ್ಕ ಎಂದೇ ಕರೆಯುವುದು. ಒಂದು ಬೆಳಗ್ಗೆ ಅವರು ಫ್ಲಾಸ್ಕನ್ನು ಬೆಳಕಿಗೆ ಹಿಡಿದು, "ಇದು ಸರಿಯಿಲ್ಲ" ಎಂದರು. ಬಣ್ಣ ಸರಿಯಿತ್ತು. ಮೀಡಿಯಾ ತಿಳಿಯಾಗಿತ್ತು. ಏನು ಸರಿಯಿಲ್ಲ ಎಂದು ಕೇಳಿದರೆ ಹೇಳಲು ಅವರಿಗೂ ಬರಲಿಲ್ಲ. ವಾರದ ನಂತರ ಪರೀಕ್ಷೆಯಲ್ಲಿ ಮೈಕೋಪ್ಲಾಸ್ಮಾ ಸಿಕ್ಕಿತು. ಇತರ ಬ್ಯಾಕ್ಟೀರಿಯಾಗಳ ಹಾಗೆ ಮೀಡಿಯಾವನ್ನು ಕದಡಿಸದೆ, ಸದ್ದಿಲ್ಲದೆ ಕೋಶಗಳ ಜೊತೆ ಬದುಕಿ ಪ್ರಯೋಗಗಳನ್ನೆಲ್ಲ ಹಾಳುಮಾಡುವ ಸೂಕ್ಷ್ಮಜೀವಿ ಅದು.

ನಮ್ಮ ಕಡೆ ಇದಕ್ಕೊಂದು ಮಾತಿದೆ, ಕೈಗುಣ. ಒಬ್ಬರು ಹೆಪ್ಪು ಹಾಕಿದರೆ ಮೊಸರು ಗಟ್ಟಿಯಾಗುತ್ತದೆ, ಇನ್ನೊಬ್ಬರು ಹಾಕಿದರೆ ಲೋಳೆಯಾಗುತ್ತದೆ. ಒಬ್ಬರು ನೆಟ್ಟ ತೆಂಗಿನ ಸಸಿ ಹತ್ತುತ್ತದೆ. ಎರಡು ಕಡೆ ಅದೇ ಮಾತ್ರೆ ಕೊಟ್ಟರೂ ಊರಿನ ಜನ ಕೈಗುಣ ಇರುವ ಡಾಕ್ಟರ ಹತ್ತಿರವೇ ಹೋಗುತ್ತಾರೆ.

ಕಳೆದ ವರ್ಷ ನಮ್ಮ ಲ್ಯಾಬಿಗೆ ಯಂತ್ರ ಬಂತು. ಗಾಜಿನ ಗೂಡಿನೊಳಗೆ ಒಂದು ತೋಳು. ಇನ್‌ಕ್ಯುಬೇಟರಿನಿಂದ ಫ್ಲಾಸ್ಕು ತೆಗೆಯುತ್ತದೆ, ಮುಚ್ಚಳ ಬಿಚ್ಚುತ್ತದೆ, ಮೀಡಿಯಾ ಬದಲಿಸುತ್ತದೆ, ಕ್ಯಾಮೆರಾದಲ್ಲಿ ನೋಡಿ ತಳ ಎಷ್ಟು ತುಂಬಿದೆ ಎಂದು ಲೆಕ್ಕ ಹಾಕುತ್ತದೆ. ಅದಕ್ಕೆ ಭಾನುವಾರವಿಲ್ಲ, ಹಬ್ಬವಿಲ್ಲ, ಊರಿಲ್ಲ. ಈ ಯುಗಾದಿಗೆ ನಾನು ತಿಪಟೂರಿನಲ್ಲಿದ್ದೆ. ಹೋಳಿಗೆ ತಿನ್ನುವಾಗ ನನ್ನನ್ನು ಒಂದು ಪ್ರಶ್ನೆ ಕಾಡಿತು. ಕೈಯಿಂದ ಯಂತ್ರಕ್ಕೆ ದಾಟಿದ್ದು ಬರೀ ಕೆಲಸವೋ, ಅದರ ಜೊತೆ ಇನ್ನೇನಾದರೂ ಇತ್ತೋ?

ಕೈಗುಣದ ಪರವಾಗಿ ಭಾವುಕನಾಗುವುದು ಸುಲಭ. ಆದರೆ ವಿಜ್ಞಾನದ ಕಣ್ಣಿನಲ್ಲಿ ಕೈಗುಣ ಒಂದು ದೋಷ. ಒಬ್ಬರ ಕೈಯಲ್ಲಿ ಮಾತ್ರ ಆಗುವ ಪ್ರಯೋಗ ಪ್ರಯೋಗವೇ ಅಲ್ಲ. ಇದಕ್ಕೆ ಈ ಕ್ಷೇತ್ರದ ಚರಿತ್ರೆಯಲ್ಲೇ ಒಂದು ದೊಡ್ಡ ಪಾಠವಿದೆ. 1912ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಅಲೆಕ್ಸಿಸ್ ಕ್ಯಾರೆಲ್ ಕೋಳಿ ಭ್ರೂಣದ ಹೃದಯದ ತುಣುಕೊಂದನ್ನು ಬೆಳೆಸಲು ಶುರುಮಾಡಿದ. ಅದೇ ವರ್ಷ ಬೇರೆ ಕೆಲಸಕ್ಕಾಗಿ ಅವನಿಗೆ ನೊಬೆಲ್ ಕೂಡ ಬಂತು. ಆ ಕೋಶಗಳು ಸಾಯಲೇ ಇಲ್ಲ. ಅವನು ತೀರಿಹೋದ ಮೇಲೂ ಅವುಗಳನ್ನು ಸಾಕಿ, ಕೊನೆಗೆ 1946ರಲ್ಲಿ ನಿಲ್ಲಿಸಿದರು. ಸರಿಯಾಗಿ ನೋಡಿಕೊಂಡರೆ ಕೋಶಕ್ಕೆ ಸಾವಿಲ್ಲ ಎಂದು ಇಡೀ ಜಗತ್ತು ನಂಬಿತು.

ಬೇರೆ ಲ್ಯಾಬುಗಳಲ್ಲಿ ಕೋಶಗಳು ಸಾಯುತ್ತಿದ್ದವು. ಆದರೆ ಅಲ್ಲಿಯವರು ಅನುಮಾನಪಟ್ಟದ್ದು ಕ್ಯಾರೆಲ್‌ನನ್ನಲ್ಲ, ತಮ್ಮ ಕೈಗಳನ್ನೇ. ನಮಗೆ ಕೌಶಲ ಸಾಲದು, ನಮ್ಮ ಮೀಡಿಯಾ ಸರಿಯಿಲ್ಲ ಎಂದುಕೊಂಡರು. 1961ರಲ್ಲಿ ಫಿಲಡೆಲ್ಫಿಯಾದ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್, ಮನುಷ್ಯನ ಸಾಮಾನ್ಯ ಕೋಶಗಳು ಸುಮಾರು 50 ಸಲ ಇಬ್ಭಾಗವಾಗಿ ಆಮೇಲೆ ನಿಲ್ಲುತ್ತವೆ ಎಂದು ತೋರಿಸಿದರು. ಕ್ಯಾರೆಲ್‌ನ ಕೋಶಗಳು ಬದುಕಿದ್ದು, ಆಹಾರವಾಗಿ ಹಾಕುತ್ತಿದ್ದ ಭ್ರೂಣದ ಸಾರದ ಜೊತೆ ಹೊಸ ಕೋಶಗಳೂ ಸೇರುತ್ತಿದ್ದುದರಿಂದ ಇರಬೇಕು ಎಂಬುದು ಅನಂತರ ಹಲವರು ಕೊಟ್ಟ ವಿವರಣೆ. ಗೊತ್ತಿದ್ದು ನಡೆಯಿತೋ ಗೊತ್ತಿಲ್ಲದೆಯೋ ಎಂಬ ವಾದ ಮುಗಿದಿಲ್ಲ. ನನಗೆ ಮುಖ್ಯವೆನಿಸುವುದು ಬೇರೆ. ಒಬ್ಬ ದೊಡ್ಡ ಮನುಷ್ಯನ ಕೈಗುಣದ ಮೇಲಿನ ಭಕ್ತಿಯಿಂದ ಅರ್ಧ ಶತಮಾನದಷ್ಟು ಕಾಲ ಎಷ್ಟೋ ಜನ ತಮ್ಮ ಕಣ್ಣು ಕಂಡದ್ದನ್ನೇ ನಂಬಲಿಲ್ಲ. ಆ ಕಾಲದಲ್ಲಿ ಯಂತ್ರವೊಂದು ಇದ್ದು, ಎಲ್ಲರ ಕೋಶಗಳನ್ನೂ ಒಂದೇ ರೀತಿ ಸಾಕಿದ್ದರೆ, ಅವರು ತಮ್ಮನ್ನು ತಾವು ಅನುಮಾನಿಸಿಕೊಳ್ಳುವುದು ತಪ್ಪುತ್ತಿತ್ತು.

ಇನ್ನೊಂದು ಕಾರಣ ನನ್ನದೇ. ಎರಡನೆಯ ವರ್ಷ ಒಂದು ಶನಿವಾರ ಗೆಳೆಯನ ಗೃಹಪ್ರವೇಶಕ್ಕೆಂದು ಸೋಲಾಪುರಕ್ಕೆ ಹೋದೆ. ಯಾರಿಗೂ ಹೇಳಲಿಲ್ಲ. ಭಾನುವಾರ ರಾತ್ರಿ ಬಂದು ನೋಡಿದರೆ ಮೀಡಿಯಾ ಹಳದಿಯಾಗಿತ್ತು. ಬದಲಿಸಿದೆ. ಲ್ಯಾಬ್ ಪುಸ್ತಕದಲ್ಲಿ "ಶನಿವಾರ ಸಂಜೆ 5.30" ಎಂದು ಬರೆದೆ. ಕೋಶಗಳು ಬದುಕಿದವು, ಆ ವಾರದ ಅಂಕಿಗಳು ಗ್ರಾಫಿನಲ್ಲಿ ಸೇರಿದವು. ಫಲಿತಾಂಶ ಅದರಿಂದ ಬದಲಾಯಿತು ಅಂತಲ್ಲ. ಬದಲಾಗಿಲ್ಲ ಎಂದು ಹೇಳುವ ಹಕ್ಕನ್ನು ಮಾತ್ರ ನಾನು ಕಳೆದುಕೊಂಡೆ. ಯಂತ್ರ ಹೀಗೆ ಮಾಡುವುದಿಲ್ಲ. ತಡವಾದರೆ ತಡವಾಯಿತು ಎಂದೇ ಅದರ ದಾಖಲೆ ಹೇಳುತ್ತದೆ.

ಹಾಗಾದರೆ ಯಂತ್ರ ನನಗಿಂತ ಪ್ರಾಮಾಣಿಕವೇ? ಸುಳ್ಳು ಹೇಳಲು ಬಾರದ್ದನ್ನು ಪ್ರಾಮಾಣಿಕ ಎನ್ನಲಾಗದು. ತಕ್ಕಡಿಯನ್ನು ನಾವು ಸರಿಯಾದ ತಕ್ಕಡಿ ಎನ್ನುತ್ತೇವೆ, ಸತ್ಯವಂತ ತಕ್ಕಡಿ ಎನ್ನುವುದಿಲ್ಲ. ಆದರೂ ಸಂತೆಯಲ್ಲಿ ನಮಗೆ ಬೇಕಾದ್ದು ವ್ಯಾಪಾರಿಯ ಸತ್ಯಕ್ಕಿಂತ ಮೊದಲು ಸರಿಯಾದ ತಕ್ಕಡಿಯೇ. ಈ ಕೋಶಗಳ ಮೇಲೆ ಪರೀಕ್ಷಿಸಿದ ಔಷಧಿ ನಾಳೆ ಯಾರದೋ ದೇಹಕ್ಕೆ ಹೋಗಬಹುದು. ಅವರಿಗೆ ನನ್ನ ಆತ್ಮಸಾಕ್ಷಿಯ ಬೆಳವಣಿಗೆ ಮುಖ್ಯವಲ್ಲ, ಸರಿಯಾದ ಅಂಕಿ ಮುಖ್ಯ.

ಹೀಗೆಂದುಕೊಂಡು ನಾನು ನಿಶ್ಚಿಂತನಾಗಬಹುದಿತ್ತು. ಆದರೆ ತಕ್ಕಡಿ ಏನನ್ನು ತೂಗಬೇಕು ಎಂದು ತಾನೇ ತೀರ್ಮಾನಿಸುವುದಿಲ್ಲ. 1966ರಲ್ಲಿ ಸ್ಟ್ಯಾನ್ಲಿ ಗಾರ್ಟ್ಲರ್ ಎಂಬ ತಳಿವಿಜ್ಞಾನಿ, ಬೇರೆ ಬೇರೆ ಅಂಗಾಂಶಗಳವು ಎಂದು ಹೆಸರಿಟ್ಟು ಜಗತ್ತಿನೆಲ್ಲೆಡೆ ಬಳಸುತ್ತಿದ್ದ ಹಲವಾರು ಕೋಶ ಸಂತತಿಗಳು ನಿಜಕ್ಕೂ ಹೀಲಾ ಎಂಬ ಒಂದೇ ಕ್ಯಾನ್ಸರ್ ಕೋಶ ಎಂದು ಹೇಳಿದಾಗ ಸಭೆಗೆ ಅದು ರುಚಿಸಲಿಲ್ಲ. ಒಂದು ಪಿಪೆಟ್ಟಿನಿಂದ ಒಂದು ಹನಿ ತಪ್ಪಿ ಬಿದ್ದರೂ ಸಾಕು, ಹೀಲಾ ಆ ಫ್ಲಾಸ್ಕನ್ನು ಆಕ್ರಮಿಸಿಕೊಳ್ಳಬಲ್ಲದು. ಯಂತ್ರದಿಂದ ಇಂಥ ಹನಿಗಳು ಕಡಿಮೆಯಾಗುತ್ತವೆ, ನಿಜ. ಆದರೆ ತಪ್ಪು ಚೀಟಿ ಅಂಟಿಸಿದ ಫ್ಲಾಸ್ಕನ್ನು ಅದರ ಕೈಗೆ ಕೊಟ್ಟರೆ, ಅದು ಆ ತಪ್ಪನ್ನು ನೂರು ಫ್ಲಾಸ್ಕುಗಳಿಗೆ ಒಂದಿಷ್ಟೂ ಚೆಲ್ಲದೆ ಹಂಚುತ್ತದೆ. "ಇದು ಸರಿಯಿಲ್ಲ" ಎನ್ನುವವರು ಆಗಲೂ ಬೇಕು.

ಹೀಲಾದ ಹೆಸರು ಬಂದಮೇಲೆ ಆ ಹೆಂಗಸನ್ನು ನೆನೆಯದೆ ಮುಂದೆ ಹೋಗಲಾಗದು. 1951ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಗರ್ಭಕಂಠದ ಕ್ಯಾನ್ಸರಿನ ಚಿಕಿತ್ಸೆಗೆ ಬಂದ ಕಪ್ಪು ಮಹಿಳೆ ಹೆನ್ರಿಯೆಟಾ ಲ್ಯಾಕ್ಸ್. ಅವಳ ಗೆಡ್ಡೆಯ ತುಣುಕನ್ನು ಅವಳನ್ನು ಕೇಳದೆ ತೆಗೆದರು. ಜಾರ್ಜ್ ಗೈ ಎಂಬುವರ ಲ್ಯಾಬಿನಲ್ಲಿ ಸಹಾಯಕಿ ಮೇರಿ ಕ್ಯೂಬಿಚೆಕ್ ಅದನ್ನು ಸಣ್ಣಗೆ ಕತ್ತರಿಸಿ ಕೊಳವೆಗಳಲ್ಲಿಟ್ಟರು. ಕೊಳವೆಗಳನ್ನು ಬಲು ನಿಧಾನವಾಗಿ ಉರುಳಿಸುತ್ತಾ ಇರಲು ಗೈ ಒಂದು ಡ್ರಮ್ಮನ್ನೇ ಕಟ್ಟಿದ್ದರು. ನಮ್ಮ ಗಾಜಿನ ಗೂಡಿನ ತೋಳಿಗೆ ಅದು ಮುತ್ತಜ್ಜ ಎನ್ನಬಹುದು. ಕೋಶಗಳು ಬೆಳೆದವು, ಪೋಲಿಯೊ ಲಸಿಕೆಯ ಪರೀಕ್ಷೆಯಿಂದ ಹಿಡಿದು ಎಷ್ಟೋ ಕೆಲಸಕ್ಕೆ ಬಂದವು. ಅದೇ ವರ್ಷ ಅಕ್ಟೋಬರಿನಲ್ಲಿ, 31ನೆಯ ವಯಸ್ಸಿನಲ್ಲಿ, ಅವಳು ತೀರಿಕೊಂಡಳು. ಮನೆಯವರಿಗೆ ವಿಷಯ ಗೊತ್ತಾದದ್ದು 1970ರ ದಶಕದಲ್ಲಿ.

ಆ ಲ್ಯಾಬಿನ ಕೈಗಳಲ್ಲಿ ಗುಣವಿತ್ತು. ಅಷ್ಟು ಶ್ರದ್ಧೆಯಿಂದ ಅವರು ಕೋಶಗಳನ್ನು ನೋಡಿಕೊಂಡರು. ಆ ಶ್ರದ್ಧೆಯಲ್ಲಿ ಹೆನ್ರಿಯೆಟಾಗೆ ಪಾಲಿರಲಿಲ್ಲ. ಹಾಗಾಗಿ, ಕೈಯಿಂದ ಮಾಡಿದ ಕೆಲಸದಲ್ಲಿ ಮನುಷ್ಯತ್ವ ಇರುತ್ತದೆ, ಯಂತ್ರ ಬಂದರೆ ಅದು ಹೋಗುತ್ತದೆ ಎಂಬ ಮಾತನ್ನು ನಾನು ಒಪ್ಪಲಾರೆ. ಸೀರಮ್ಮಿನ ವಿಷಯವೂ ಹಾಗೇ. ಕಸಾಯಿಖಾನೆಗೆ ಬಂದ ಗಬ್ಬದ ಹಸುವಿನ ಹೊಟ್ಟೆಯ ಕರುವಿನ ರಕ್ತದಿಂದ ಅದನ್ನು ತೆಗೆಯುತ್ತಾರೆ. ಎಷ್ಟೋ ವರ್ಷ ನನ್ನ ಕೈಯೇ ಆ ಬಾಟಲಿ ತೆರೆದಿದೆ. ಕೈ ಏನನ್ನೂ ಕೇಳಲಿಲ್ಲ. ಕೇಳಬೇಕಾದ್ದು ಕೈಯ ಕೆಲಸವೂ ಅಲ್ಲ.

ಈಗ ಅಕ್ಕನ ವಿಷಯ. ಯಂತ್ರ ಬಂದಾಗ ಅದಕ್ಕೆ ಏನೂ ಬರುತ್ತಿರಲಿಲ್ಲ. ಆರು ವಾರ ಅವರು ಕಂಪನಿಯ ಎಂಜಿನಿಯರನ ಪಕ್ಕ ಕೂತು ಕಲಿಸಿದರು. ಫ್ಲಾಸ್ಕನ್ನು ಎಷ್ಟು ಓರೆ ಮಾಡಬೇಕು, ಮೀಡಿಯಾ ಯಾವ ಗೋಡೆಗೆ ತಾಗಿ ಇಳಿಯಬೇಕು, ಟ್ರಿಪ್ಸಿನ್ ಹಾಕಿದ ಮೇಲೆ ಎಷ್ಟು ಸಲ, ಎಷ್ಟು ಮೆಲ್ಲಗೆ ತಟ್ಟಬೇಕು. ಅವರ ಇಪ್ಪತ್ತು ವರ್ಷದ ಅಂದಾಜು ಡಿಗ್ರಿ, ಸೆಕೆಂಡು, ಮಿಲಿಲೀಟರುಗಳಾಗಿ ಒಂದು ಫೈಲಿಗೆ ಇಳಿಯಿತು. ಜಪಾನಿನ ಕೋಬೆಯಲ್ಲಿ ರಿಕೆನ್ ಸಂಸ್ಥೆಯವರು ಇದಕ್ಕಿಂತ ಮುಂದೆ ಹೋಗಿದ್ದಾರೆ. ಕಾಂಡಕೋಶಗಳಿಂದ ಕಣ್ಣಿನ ಅಕ್ಷಿಪಟಲದ ಕೋಶ ಬೆಳೆಸುವ ಕೆಲಸದಲ್ಲಿ ಅವರ ರೋಬೋಟ್ 111 ದಿನಗಳಲ್ಲಿ 143 ವಿಧಾನಗಳನ್ನು ಪರೀಕ್ಷಿಸಿ, ಉತ್ತಮವಾದದ್ದನ್ನು ಹುಡುಕಿತು. 2022ರಲ್ಲಿ ಅದು ಪ್ರಕಟವಾಯಿತು. ಅಲ್ಲಿಗೆ ಕೌಶಲ ದಾಟುತ್ತದೆ ಎನ್ನುವುದರಲ್ಲಿ ಅನುಮಾನವಿಲ್ಲ. ದಾಟಿದ ಮೇಲೆ ಬೆಳೆಯುತ್ತದೆ ಕೂಡ.

ಯಂತ್ರ ಕೊಳ್ಳಲು ಹಣ ಕೇಳುವ ಟಿಪ್ಪಣಿ ಬರೆದವನು ನಾನು. ಅದರಲ್ಲೊಂದು ಸಾಲಿತ್ತು. ಇದು ಇಬ್ಬರು ತಂತ್ರಜ್ಞರ ಕೆಲಸ ಮಾಡಬಲ್ಲದು ಎಂದು. ಹಣ ಮಂಜೂರಾಗಲು ಆ ಸಾಲು ನೆರವಾಯಿತು. ಅಕ್ಕನದು ವರ್ಷವರ್ಷಕ್ಕೆ ನವೀಕರಿಸುವ ಗುತ್ತಿಗೆ. ಆ ಇಬ್ಬರಲ್ಲಿ ಒಬ್ಬರು ಅವರೇ ಎಂದು ಬರೆಯುವಾಗ ನನಗೆ ಗೊತ್ತಿತ್ತು. ಕಲಿಸುವಾಗ ಅವರಿಗೆ ಗೊತ್ತಿತ್ತೋ ಎಂದು ನಾನು ಕೇಳಲಿಲ್ಲ.

ಹೆನ್ರಿಯೆಟಾಳ ಕಥೆಗೂ ಇದಕ್ಕೂ ಅಂತರವಿದೆ. ಅಕ್ಕ ಕಾಯಿಲೆಯವರಲ್ಲ, ಆ ಆರು ವಾರ ಅವರಿಗೆ ಸಂಬಳವಿತ್ತು, ಕಲಿಸುತ್ತೀರಾ ಎಂದು ಕೇಳಿಯೂ ಇದ್ದೆವು. ಆದರೆ ಒಂದು ಎಳೆ ಎರಡರಲ್ಲೂ ಇದೆ. ಒಬ್ಬ ಮನುಷ್ಯನಲ್ಲಿ ಇದ್ದದ್ದನ್ನು ತೆಗೆದು, ಮನುಷ್ಯನಿಲ್ಲದೆಯೂ ಬೆಳೆಯುವ ಹಾಗೆ ಮಾಡಿ, ಆಮೇಲೆ ಆ ಮನುಷ್ಯನನ್ನು ಮರೆಯುವುದು. ಅಲ್ಲಿ ತೆಗೆದದ್ದು ಕೋಶ, ಇಲ್ಲಿ ಕೈಗುಣ. ಪೂರ್ತಿ ಗೊತ್ತಿಲ್ಲದೆ ಕೊಟ್ಟ ಒಪ್ಪಿಗೆ ಎಷ್ಟು ಒಪ್ಪಿಗೆ?

ಕೊನೆಗೆ ಹೋದ ತಿಂಗಳು ಅವರ ಹತ್ತಿರ ಹೇಳಿದೆ, ಆ ಸಾಲಿನ ವಿಷಯವನ್ನು. ಅವರಿಗೆ ಆಶ್ಚರ್ಯವಾಗಲಿಲ್ಲ. "ನನ್ನ ಹೆಬ್ಬೆರಳು ನೋಡು" ಎಂದು ಕೈ ಚಾಚಿದರು. ದಿನಕ್ಕೆ ಸಾವಿರ ಸಲ ಪಿಪೆಟ್ ಒತ್ತಿದ ಹೆಬ್ಬೆರಳು, ಈಗ ಸರಿಯಾಗಿ ಮಡಚುವುದಿಲ್ಲ. "ಈ ಕೆಲಸ ಯಂತ್ರ ಮಾಡಲಿ ಅಂತ ಎಲ್ಲರಿಗಿಂತ ಮೊದಲು ಬಯಸಿದವಳು ನಾನು. ನನ್ನನ್ನು ಕಳಿಸಲಿ ಅಂತ ಬಯಸಲಿಲ್ಲ. ಅವೆರಡೂ ಒಂದೇ ಅಂತ ಬರೆದದ್ದು ನೀನು."

ಇಷ್ಟು ದಿನ ನಾನು ಸುತ್ತಿ ಬಂದ ಪ್ರಶ್ನೆ ಅವರ ಮಾತಿನಲ್ಲಿ ನೇರವಾಯಿತು. ಕೈಗುಣ ಎಂದು ನಾವು ಒಟ್ಟಾಗಿ ಹೇಳುವುದರಲ್ಲಿ ಕೌಶಲವಿದೆ, ಅದು ಯಂತ್ರಕ್ಕೆ ಹೋಗಲಿ. ಎಲ್ಲರ ಕೈಯಲ್ಲೂ ಆಗುವಂತಾಗಲಿ, ಹೆಬ್ಬೆರಳುಗಳು ಉಳಿಯಲಿ. ಆದರೆ ಅದರಲ್ಲೇ ಹೊಣೆಯೂ ಇದೆ. ಕೋಶ ಸತ್ತರೆ, ಚೀಟಿ ತಪ್ಪಿದರೆ, ಒಬ್ಬರ ಅನ್ನ ಹೋದರೆ, ಯಾರು ಉತ್ತರ ಕೊಡಬೇಕು ಎಂಬುದು. ಯಂತ್ರ ಬಂದಾಗ ಅದೂ ದಾಟಿಹೋಯಿತು ಎಂದು ನಟಿಸುವುದು ನಮಗೆ ಅನುಕೂಲ. ದಾಟುವುದಿಲ್ಲ. ಕೈ ಖಾಲಿಯಾದವರ ಹೆಗಲ ಮೇಲೆ ಅದು ಇನ್ನೂ ಹೆಚ್ಚಾಗಿ ಕೂರುತ್ತದೆ, ಏಕೆಂದರೆ ಈಗ ಅವರಿಗೆ ಪುರುಸೊತ್ತಿಲ್ಲ ಎಂಬ ನೆಪವಿಲ್ಲ.

ವಿಧಾನದ ಫೈಲಿನ ಮೊದಲ ಪುಟದಲ್ಲಿ, ಸಿದ್ಧಪಡಿಸಿದವರು ಎಂಬಲ್ಲಿ ಅವರ ಹೆಸರು ಸೇರಿಸಿದ್ದೇನೆ. ದೊಡ್ಡದೇನಲ್ಲ. ಮಾರ್ಚಿನಲ್ಲಿ ಅವರ ಗುತ್ತಿಗೆ ಮತ್ತೆ ಮೇಜಿನ ಮೇಲೆ ಬರುತ್ತದೆ. ಅದಕ್ಕೆ ಮೊದಲು ಹಳೆಯ ಟಿಪ್ಪಣಿಯ ಆ ಸಾಲು ತಪ್ಪು ಎಂದು ಬರವಣಿಗೆಯಲ್ಲೇ ಹೇಳಬೇಕು. ಅರ್ಧ ಬರೆದಿದ್ದೇನೆ. ಯಂತ್ರ ಮಾಡುವುದು ಇಬ್ಬರ ಕೈಕೆಲಸವನ್ನು, ಇಬ್ಬರ ಕೆಲಸವನ್ನಲ್ಲ ಎಂದು. ಮೇಲಿನವರು ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ.

ಸೋಮವಾರ ಬೆಳಗ್ಗೆ ಪರದೆಯ ಮೇಲೆ ಎಲ್ಲ ಹಸಿರು ತೋರಿಸುತ್ತಿದ್ದರೂ ಅಕ್ಕ ಒಂದು ಫ್ಲಾಸ್ಕು ತೆಗೆದು ಬೆಳಕಿಗೆ ಹಿಡಿಯುತ್ತಾರೆ. ಅವರ ಪಕ್ಕ ನಿಂತು ನಾನೂ ನೋಡುವುದನ್ನು ಕಲಿಯುತ್ತಿದ್ದೇನೆ.