ಔಷಧದಾನದ ಹಿಂದಿರುವ ಅಭಯದಾನದ ಪ್ರಶ್ನೆ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳನ್ನು ಅರಿಯದ ಶ್ರಾವಕನಿಲ್ಲ. ಪ್ರವಚನಗಳಲ್ಲಿ ಈ ನಾಲ್ಕನ್ನೂ ಒಂದೇ ಉಸಿರಿನಲ್ಲಿ ಹೇಳುವುದು ರೂಢಿ. ಒಂದೇ ಮನೆಯ ನಾಲ್ವರು ಸೋದರರಂತೆ ಅವು ಸದಾ ಹೊಂದಿಕೊಂಡಿರುತ್ತವೆಂಬುದು ಹೇಳುವವರ ನಂಬಿಕೆ, ಕೇಳುವವರ ನಂಬಿಕೆಯೂ ಹೌದು. ಆದರೆ ಔಷಧದಾನವು ಅಭಯದಾನದ ಎದುರಿಗೇ ನಿಂತರೆ ಯಾವುದು ಯಾವುದಕ್ಕೆ ದಾರಿ ಬಿಡಬೇಕು? ಒಬ್ಬ ರೋಗಿಯ ನೋವನ್ನು ನೀಗುವ ಮದ್ದಿನ ಹಿಂದೆ, ಅಭಯವೆಂಬುದನ್ನೇ ಕಾಣದೆ ಸತ್ತ ಜೀವಿಗಳ ಸಾಲೊಂದಿದೆ ಎಂದು ತಿಳಿದ ಮೇಲೂ ಆ ದಾನವು ನಿರ್ಮಲವೆನಿಸುವುದೆ?

ಪ್ರಶ್ನೆಯ ಬೇರು ಹಳೆಯದು. ಒಂಬತ್ತನೆಯ ಶತಮಾನದಲ್ಲಿ ಉಗ್ರಾದಿತ್ಯಾಚಾರ್ಯರು ತಮ್ಮ ‘ಕಲ್ಯಾಣಕಾರಕ’ದಲ್ಲಿ ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿಯೇ ವೈದ್ಯವನ್ನು ನಿರೂಪಿಸಿದರು. ನೃಪತುಂಗನ ಸಭೆಯಲ್ಲಿ ಮಾಂಸೌಷಧದ ನಿರರ್ಥಕತೆಯನ್ನು ಪ್ರತಿಪಾದಿಸಿದ ಭಾಗವೂ ಆ ಗ್ರಂಥದ ಕೊನೆಯಲ್ಲಿ ಸೇರಿದೆ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಅದೇ ಪರಂಪರೆಯನ್ನು ಕನ್ನಡಕ್ಕೆ ತಂದನು. ಅವರ ಕಾಲದಲ್ಲಿ ಪರೀಕ್ಷೆ ಸುಲಭವಾಗಿತ್ತು: ಕಷಾಯದ ಪಾತ್ರೆಯಲ್ಲಿ ಏನಿದೆ ಎಂದು ನೋಡಿದರೆ ಸಾಕಾಗುತ್ತಿತ್ತು. ಇಂದು ಪಾತ್ರೆಯಲ್ಲಿ ಏನೂ ಕಾಣದು; ಹಿಂಸೆ ಇರುವುದು ಪಾತ್ರೆಯ ಹಿಂದಿನ ದಾರಿಯಲ್ಲಿ. ಕೀಲುಗಳ ಉರಿಯೂತವನ್ನು ಕುರಿತ ಸಂಶೋಧನೆ ಆ ದಾರಿಯನ್ನು ಸ್ಪಷ್ಟವಾಗಿ ತೋರಿಸುತ್ತದೆ.

ಉರಿಯೂತವು ಮೂಲತಃ ಶರೀರದ ರಕ್ಷಣಾಕ್ರಿಯೆ. ಮುಳ್ಳು ಚುಚ್ಚಿದಲ್ಲಿ, ರೋಗಾಣು ಹೊಕ್ಕಲ್ಲಿ ರಕ್ತವು ಧಾವಿಸಿ ಬರುತ್ತದೆ. ಆ ಭಾಗ ಕೆಂಪೇರಿ, ಬಿಸಿಯಾಗಿ, ಬಾತು, ನೋಯುತ್ತದೆ. ಕಾರ್ಯ ಮುಗಿದೊಡನೆ ತಣಿಯುತ್ತದೆ. ರುಮಟಾಯ್ಡ್ ಸಂಧಿವಾತದಲ್ಲಿ ತಣಿಯಬೇಕಾದುದು ತಣಿಯುವುದಿಲ್ಲ. ಕಾವಲುಗಾರನೇ ಮನೆಯವರ ಮೇಲೆ ಕೈಮಾಡಿದಂತೆ ರೋಗನಿರೋಧಕ ವ್ಯವಸ್ಥೆಯು ಕೀಲಿನ ಒಳಪೊರೆಯ ಮೇಲೆಯೇ ಏರಿಹೋಗುತ್ತದೆ. ಪೊರೆ ದಪ್ಪವಾಗಿ ಬೆಳೆದು ಮೃದ್ವಸ್ಥಿಯನ್ನೂ ಎಲುಬನ್ನೂ ಕೊರೆಯುತ್ತದೆ. ಬೆರಳುಗಳು ವಕ್ರವಾಗುತ್ತವೆ, ಜಪಸರದ ಮಣಿಯನ್ನು ಸರಿಸುವುದೂ ಕಷ್ಟವಾಗುತ್ತದೆ.

ವೈರಸ್ಸುಗಳೂ ಇದೇ ಬೆಂಕಿಯನ್ನು ಹೊತ್ತಿಸಬಲ್ಲವು. ೧೯೫೨ರಲ್ಲಿ ಪೂರ್ವ ಆಫ್ರಿಕದ ಟಾಂಗನ್ಯಿಕಾದಲ್ಲಿ ಗುರುತಿಸಲಾದ ಚಿಕುನ್‌ಗುನ್ಯಾಕ್ಕೆ ಆ ಹೆಸರು ಬಂದದ್ದೇ ಮಕೊಂಡೆ ಭಾಷೆಯ, ಬಾಗಿಹೋಗುವುದು ಎಂಬರ್ಥದ ಮಾತಿನಿಂದ. ೨೦೦೬ರಲ್ಲಿ ಕರ್ನಾಟಕವೊಂದರಲ್ಲಿಯೇ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು. ಜ್ವರ ವಾರದೊಳಗೆ ಇಳಿಯಿತು. ಆದರೆ ಎಷ್ಟೋ ಮನೆಗಳಲ್ಲಿ ಹಿರಿಯರು ತಿಂಗಳುಗಟ್ಟಲೆ ಗೋಡೆ ಹಿಡಿದು ಏಳಬೇಕಾಯಿತು. ಈ ಎರಡು ರೋಗಗಳ ಮೂಲ ಬೇರೆಯಾದರೂ ಕೀಲಿನಲ್ಲಿ ಉರಿಯನ್ನು ಕೆರಳಿಸುವ ದ್ರವ್ಯಗಳಲ್ಲಿ ಬಹಳ ಹೋಲಿಕೆಯಿದೆ.

ಅಂಥ ದ್ರವ್ಯಗಳಲ್ಲಿ ಟಿ.ಎನ್.ಎಫ್. ಎಂಬುದು ಪ್ರಮುಖವೆಂದು ತೋರಿಸಿಕೊಟ್ಟವರು ಲಂಡನ್ನಿನ ಮಾರ್ಕ್ ಫೆಲ್ಡ್‌ಮನ್ ಮತ್ತು ರವೀಂದರ್ ಮೈನಿ. ಅವರ ಕೆಲಸದ ಕ್ರಮವನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ೧೯೮೯ರಲ್ಲಿ ಪ್ರಕಟವಾದ ಮೊದಲ ಸುಳಿವು ದೊರೆತದ್ದು ಇಲಿಯಿಂದಲ್ಲ, ಮನುಷ್ಯರಿಂದ. ಸಂಧಿವಾತದ ರೋಗಿಗಳ ಕೀಲಿನಿಂದ ತೆಗೆದ ಒಳಪೊರೆಯ ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಟಿ.ಎನ್.ಎಫ್. ಅನ್ನು ತಡೆದಾಗ, ಉರಿಯೂತದ ಇನ್ನೊಂದು ಮುಖ್ಯ ದ್ರವ್ಯವೂ ಇಳಿಯಿತು. ಮೂಲವನ್ನು ಕಟ್ಟಿದರೆ ಕಾಲುವೆ ಬತ್ತುತ್ತದೆಂಬ ತತ್ತ್ವ ಅಲ್ಲಿ ಗೋಚರವಾಯಿತು. ಅನಂತರ ಇಲಿಗಳ ಸರದಿ. ೧೯೯೨ರಲ್ಲಿ, ಸಂಧಿವಾತವನ್ನು ಬರಿಸಿದ ಇಲಿಗಳಲ್ಲಿ ಇದೇ ತಡೆಯು ಊತವನ್ನೂ ಕೀಲಿನ ನಾಶವನ್ನೂ ಕಡಿಮೆ ಮಾಡಿತೆಂದು ಪ್ರಕಟಿಸಿದರು. ಅದೇ ವರ್ಷ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ಮೊದಲ ರೋಗಿಗಳಿಗೆ ಪ್ರತಿಕಾಯದ ಔಷಧವನ್ನು ಕೊಡಲಾಯಿತು. ಒಟ್ಟು ೨೦ ಮಂದಿಯ ಆ ಪರೀಕ್ಷೆಯಿಂದ ಹುಟ್ಟಿದ ಚಿಕಿತ್ಸೆ ಇಂದು ಜಗತ್ತಿನಾದ್ಯಂತ ಹರಡಿದೆ. ಇಬ್ಬರಿಗೂ ೨೦೦೩ರಲ್ಲಿ ಲಾಸ್ಕರ್ ಪ್ರಶಸ್ತಿ ಸಂದಿತು.

ಇಲಿಗೆ ಸಂಧಿವಾತವನ್ನು ಬರಿಸುವುದೆಂದರೇನು? ದನ ಅಥವಾ ಕೋಳಿಯ ಮೃದ್ವಸ್ಥಿಯಿಂದ ತೆಗೆದ ಕೊಲಾಜೆನ್ನನ್ನು, ಸತ್ತ ಕ್ಷಯಾಣುಗಳು ಬೆರೆತ ಎಣ್ಣೆಯಲ್ಲಿ ಕಲಸಿ, ಬಾಲದ ಬುಡದಲ್ಲಿ ಚುಚ್ಚುತ್ತಾರೆ. ಮೂರು ವಾರಗಳ ಮೇಲೆ ಸಾಮಾನ್ಯವಾಗಿ ಇನ್ನೊಮ್ಮೆ. ಪಂಜಗಳು ಒಂದೊಂದಾಗಿ ಬಾಯುತ್ತವೆ. ಊತದ ದಪ್ಪವನ್ನು ಅಳತೆಗೋಲಿನಿಂದ ಅಳೆದು ಪ್ರತಿ ಪಂಜಕ್ಕೂ ಅಂಕ ಹಾಕುತ್ತಾರೆ. ಕೊನೆಗೆ ಕೊಂದು, ಕೀಲನ್ನು ಸೀಳಿ ನೋಡುತ್ತಾರೆ. ನೋವುನಿವಾರಕವನ್ನು ಕೊಡಬಾರದೆ ಎಂದರೆ, ಅಂಥ ಅನೇಕ ಮದ್ದುಗಳು ಉರಿಯೂತವನ್ನೂ ತಗ್ಗಿಸುವುದರಿಂದ ಪರೀಕ್ಷೆಯ ಫಲಿತಾಂಶ ಕೆಡುತ್ತದೆಂಬ ಕಾರಣಕ್ಕೆ ಎಷ್ಟೋ ವೇಳೆ ತಡೆಹಿಡಿಯುತ್ತಾರೆ. ನೋವು ನೀಗುವ ವಿದ್ಯೆಯನ್ನು ಕಲಿಯಲು ಒಂದು ಜೀವಿಯ ನೋವನ್ನು ನೀಗದೆ ಬಿಡುವುದು! ಇದರಲ್ಲಿ ಸಂಶೋಧಕರ ಕ್ರೌರ್ಯವಿಲ್ಲ. ಅವರಲ್ಲಿ ಅನೇಕರು ಕನಿಕರವುಳ್ಳವರೇ. ಪದ್ಧತಿಯೇ ಹಾಗಿದೆ.

ಇಷ್ಟನ್ನು ಕೇಳಿದ ಶ್ರಾವಕನು ಸಮಾಧಾನಕ್ಕಾಗಿ ಸಾಮಾನ್ಯವಾಗಿ ಮೂರು ಮಾತುಗಳ ಆಸರೆ ಪಡೆಯುತ್ತಾನೆ. ಮದ್ದಿನಲ್ಲಿ ಪ್ರಾಣಿಯ ಅಂಶವಿಲ್ಲ ಎಂಬುದು ಮೊದಲನೆಯದು. ಇದು ಅಷ್ಟು ನಿಜವಲ್ಲ: ಲಂಡನ್ನಿನಲ್ಲಿ ಬಳಸಿದ ಪ್ರತಿಕಾಯದ ಒಂದು ಭಾಗ ಇಲಿಯ ಪ್ರತಿಕಾಯದ್ದು. ಇಂಥ ಇನ್ನೂ ಅನೇಕ ಔಷಧಗಳನ್ನು ತಯಾರಿಸುವ ಜೀವಕೋಶಗಳು ೧೯೫೭ರಲ್ಲಿ ಒಂದು ಚೀನೀ ಹ್ಯಾಮ್‌ಸ್ಟರಿನ ಅಂಡಾಶಯದಿಂದ ತೆಗೆದವುಗಳ ಸಂತತಿ. ಆ ಪುಟ್ಟ ಪ್ರಾಣಿ ಸತ್ತು ಆರು ದಶಕಗಳು ಮೀರಿದರೂ ಅದರ ಜೀವಕೋಶಗಳು ಕಾರ್ಖಾನೆಗಳ ತೊಟ್ಟಿಗಳಲ್ಲಿ ಇಂದಿಗೂ ಒಡೆದು ಬೆಳೆಯುತ್ತಿವೆ. ಕೊಂದವನು ತಾನಲ್ಲ ಎಂಬುದು ಎರಡನೆಯದು. ಕೃತ, ಕಾರಿತ, ಅನುಮೋದಿತ ಎಂಬ ವಿಭಾಗವನ್ನು ಬಲ್ಲವನು ಹೀಗೆ ಹೇಳಲಾರ. ಹಿಂಸೆಯನ್ನು ಒಬ್ಬನು ಮಾಡಿದರೂ ಫಲಕ್ಕೆ ಅನೇಕರು ಭಾಗಿಗಳಾಗುವುದುಂಟೆಂಬುದನ್ನು ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ವಿವರಿಸಿದ್ದಾರೆ. ಅಂಗಡಿಯಲ್ಲಿ ಕುಳಿತವನಿಗಂತೂ ಇದನ್ನು ಶಾಸ್ತ್ರದಿಂದ ಕಲಿಯುವ ಅಗತ್ಯವಿಲ್ಲ. ಗಿರಾಕಿಯಿಲ್ಲದ ಸರಕನ್ನು ಯಾರೂ ತಯಾರಿಸುವುದಿಲ್ಲ.

ಮೂರನೆಯ ಮಾತು ಹೆಚ್ಚು ಸೂಕ್ಷ್ಮವಾದುದು. ಹಿಂಸೆಯಲ್ಲಿ ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆ. ಗೃಹಸ್ಥನು ಪೂರ್ಣವಾಗಿ ಬಿಡಬೇಕಾದುದು ಸಂಕಲ್ಪೀ ಹಿಂಸೆಯನ್ನು. ಪ್ರಯೋಗಶಾಲೆಯದು ಉದ್ಯೋಗೀ ಹಿಂಸೆ ಎಂದು ವಾದಿಸುವವರಿದ್ದಾರೆ. ವಾದ ನಿಲ್ಲುವುದಿಲ್ಲ. ರೈತನು ಉಳುವಾಗ ಹುಳು ಸಾಯುವುದು ಅವನ ಉದ್ದೇಶವಲ್ಲ, ಹುಳುವಿಲ್ಲದಿದ್ದರೂ ಅವನ ಉಳುಮೆ ನಡೆಯುತ್ತದೆ. ಇಲ್ಲಿ ಇಲಿಯ ರೋಗವೇ ಕಾರ್ಯದ ವಸ್ತು. ಅದನ್ನು ಬೇಕೆಂದೇ ಉಂಟುಮಾಡಲಾಗುತ್ತದೆ. ಉದ್ದೇಶ ಕರುಣೆಯದಾಗಿರಬಹುದು, ಸಂಕಲ್ಪ ಮಾತ್ರ ಸಂಕಲ್ಪವೇ.

ಹಾಗಾದರೆ ಮದ್ದನ್ನೇ ತ್ಯಜಿಸಬೇಕೆ? ವ್ರತಿಯೊಬ್ಬನು ತನ್ನ ದೇಹಕ್ಕೆ ಅದು ಬೇಡವೆಂದರೆ ಅದು ತಪಸ್ಸು, ಯಾರೂ ಆಕ್ಷೇಪಿಸಲಾಗದು. ಆದರೆ ನೆರೆಮನೆಯ ಹೆಣ್ಣುಮಗಳ ಕೈ ಸೊಟ್ಟಗಾಗುತ್ತಿರುವಾಗ, ಔಷಧದಾನಕ್ಕೆಂದು ಇಟ್ಟ ಹಣವನ್ನು ತನ್ನ ಶುದ್ಧಿಯ ಹೆಸರಿನಲ್ಲಿ ತಡೆಹಿಡಿಯುವುದು ತಪಸ್ಸಲ್ಲ. ಇನ್ನೊಬ್ಬರ ಮೈಮೇಲೆ ಮಾಡುವ ಉಪವಾಸ ಉಪವಾಸವೆನಿಸದು. ಅಲ್ಲದೆ ತ್ಯಜಿಸಿದ ಮಾತ್ರಕ್ಕೆ ಸತ್ತ ಇಲಿ ಬದುಕಿ ಬಾರದು.

ಪ್ರಾಣಿಯ ಮೇಲಿನ ಪರೀಕ್ಷೆಯಿಂದ ಏನೂ ಪ್ರಯೋಜನವಿಲ್ಲವೆಂದು ಹೇಳಿ ಈ ತೊಡಕಿನಿಂದ ಪಾರಾಗಲು ಯತ್ನಿಸುವವರೂ ಉಂಟು. ಅವರಿಗೆ ಬೆಂಬಲ ಕೊಡುವ ಘಟನೆ ಇಲ್ಲದಿಲ್ಲ. ೨೦೦೬ರ ಮಾರ್ಚಿನಲ್ಲಿ ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯ ಆವರಣದಲ್ಲಿ, ಸಂಧಿವಾತಕ್ಕೂ ಒಂದು ಬಗೆಯ ರಕ್ತದ ಕ್ಯಾನ್ಸರಿಗೂ ಉದ್ದೇಶಿಸಿದ್ದ ಟಿ.ಜಿ.ಎನ್. ೧೪೧೨ ಎಂಬ ಪ್ರತಿಕಾಯವನ್ನು ಆರೋಗ್ಯವಂತರಾದ ಆರು ಸ್ವಯಂಸೇವಕರಿಗೆ ಕೊಡಲಾಯಿತು. ಕೋತಿಗಳಲ್ಲಿ ಅದು ನಿರಪಾಯವೆನಿಸಿತ್ತು. ಮನುಷ್ಯರಿಗೆ ಕೊಟ್ಟದ್ದು ಆ ಪ್ರಮಾಣದ ಐನೂರರಲ್ಲೊಂದು ಪಾಲು. ಗಂಟೆ ಎರಡು ಗಂಟೆಯೊಳಗೆ ಆರು ಮಂದಿಯ ಶರೀರದಲ್ಲೂ ಉರಿಯೂತದ ಬಿರುಗಾಳಿಯೆದ್ದು ಅವಯವಗಳು ಸೋಲತೊಡಗಿದವು. ಆರೂ ಜನ ಬದುಕಿದ್ದು ಪುಣ್ಯ. ಕೋತಿಗಳ ಕಷ್ಟವೂ ವ್ಯರ್ಥವಾಯಿತು, ಮನುಷ್ಯರಿಗೂ ರಕ್ಷಣೆ ಸಿಗಲಿಲ್ಲ. ಆದರೆ ಸತ್ಯಾಣುವ್ರತವುಳ್ಳವನು ಇನ್ನೊಂದು ಸಂಗತಿಯನ್ನೂ ಮರೆಮಾಡಕೂಡದು. ಚಿಕುನ್‌ಗುನ್ಯಾದ ಸಂಬಂಧಿಯಾದ, ಆಸ್ಟ್ರೇಲಿಯದಲ್ಲಿ ಕೀಲುನೋವು ತರುವ ರಾಸ್ ರಿವರ್ ವೈರಸ್ಸಿಗೆ ಟಿ.ಎನ್.ಎಫ್. ತಡೆಯುವ ಮದ್ದು ಹಿತವೇ ಎಂದು ಇಲಿಗಳಲ್ಲಿ ಪರೀಕ್ಷಿಸಿದಾಗ ರೋಗ ಇಳಿಯದೆ ಉಲ್ಬಣಿಸಿತೆಂದು ೨೦೧೧ರಲ್ಲಿ ವರದಿಯಾಯಿತು. ಒಂದು ರೋಗದಲ್ಲಿ ಬೆಂಕಿಯಾಗಿ ಸುಡುವುದು ಇನ್ನೊಂದರಲ್ಲಿ ಕಾವಲೂ ಆಗಿರಬಹುದು. ಆ ಎಚ್ಚರಿಕೆ ಇಲಿಗಳಿಂದಲೇ ಬಂದಿತು. ಆದ್ದರಿಂದ ಲಾಭವಿಲ್ಲವೆಂದು ಸಾಧಿಸಿ ಪಾಪವನ್ನು ತೋರಿಸುವ ದಾರಿ ಶ್ರಾವಕನಿಗೆ ಮುಚ್ಚಿದೆ. ಲಾಭವಿದೆ, ಲಾಭವಿದ್ದರೂ ಋಣ ಋಣವೇ. ಒಬ್ಬನಿಂದ ಬಂದ ಜಮೆಯನ್ನು ಇನ್ನೊಬ್ಬನ ಬಾಕಿಗೆ ವಜಾ ಹಾಕುವ ಲೆಕ್ಕವನ್ನು ಯಾವ ಪ್ರಾಮಾಣಿಕ ಗುಮಾಸ್ತನೂ ಬರೆಯನು. ರೋಗಿಗೆ ಬಂದ ಸುಖವನ್ನು ಇಲಿಯ ಖಾತೆಗೆ ಜಮೆ ಮಾಡಲು ಬರುವುದಿಲ್ಲ.

ಹಳೆಯದೊಂದು ಉದಾಹರಣೆ ಇಲ್ಲಿ ಬೆಳಕು ಕೊಡುತ್ತದೆ. ೧೯೪೮ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಅವರು ಸಂಧಿವಾತದಿಂದ ಹಾಸಿಗೆ ಹಿಡಿದವರಿಗೆ ಕಾರ್ಟಿಸೋನ್ ಕೊಟ್ಟು ಎಬ್ಬಿಸಿದರು. ೧೯೫೦ರಲ್ಲಿ ನೊಬೆಲ್ ಪಡೆದವರಲ್ಲಿ ಅವರೊಬ್ಬರು. ಆ ಮೊದಲ ಕಾರ್ಟಿಸೋನನ್ನು ತಯಾರಿಸುತ್ತಿದ್ದುದು ವಧಾಗಾರದ ದನಗಳ ಪಿತ್ತದಿಂದ. ಕೆಲವೇ ವರ್ಷಗಳಲ್ಲಿ ಮೆಕ್ಸಿಕೋದ ಕಾಡುಗೆಣಸಿನ ಸಾರವನ್ನು ಬೂಷ್ಟಿನ ನೆರವಿನಿಂದ ಮಾರ್ಪಡಿಸುವ ವಿಧಾನ ಬಂದು ಪಿತ್ತದ ಅಗತ್ಯ ತಪ್ಪಿತು. (ಗೆಣಸು ಕಂದಮೂಲವೆಂದು ಆಕ್ಷೇಪಿಸುವವರು ಇದ್ದೇ ಇರುತ್ತಾರೆ, ಏಕೇಂದ್ರಿಯಕ್ಕೂ ಪಂಚೇಂದ್ರಿಯಕ್ಕೂ ಇರುವ ಅಂತರವನ್ನು ಆಚಾರ್ಯರೇ ಹೇಳಿರುವುದರಿಂದ ಇಲ್ಲಿ ಚರ್ಚೆ ಬೇಡ.) ಧರ್ಮಬೋಧೆಗಾಗಿ ಯಾರೂ ಆ ಬದಲಾವಣೆಯನ್ನು ಮಾಡಲಿಲ್ಲ, ಬೆಲೆ ಇಳಿಸಲು ಮಾಡಿದರು. ಆದರೂ ದಾರಿ ಇತ್ತೆಂಬುದು ಅದರಿಂದ ಸಿದ್ಧವಾಯಿತು.

ಕಾರ್ಟಿಸೋನಿನ ಮನೆತನದ ಡೆಕ್ಸಾಮೆಥಸೋನ್ ೨೦೨೦ರ ಜೂನಿನಲ್ಲಿ ಮತ್ತೆ ಎಲ್ಲರ ಬಾಯಿಗೆ ಬಂದಿತು. ಕೋವಿಡ್ ವೈರಸ್ ಎಬ್ಬಿಸಿದ ಉರಿಯೂತವೇ ಶ್ವಾಸಕೋಶವನ್ನು ಕೆಡಿಸುತ್ತಿದ್ದಾಗ, ಕೃತಕ ಉಸಿರಾಟದಲ್ಲಿದ್ದವರ ಮರಣವನ್ನು ಈ ಅಗ್ಗದ ಮದ್ದು ಸುಮಾರು ಮೂರರಲ್ಲೊಂದು ಪಾಲು ತಗ್ಗಿಸಿತೆಂದು ಬ್ರಿಟನ್ನಿನ ‘ರಿಕವರಿ’ ಪರೀಕ್ಷೆ ತೋರಿಸಿತು. ಒಸಾಕಾದ ಕಿಶಿಮೊಟೊ ಅವರ ಇಂಟರ್‌ಲ್ಯೂಕಿನ್-೬ರ ಅಧ್ಯಯನದಿಂದ ಹುಟ್ಟಿದ, ಸಂಧಿವಾತದ ಟೋಸಿಲಿಜುಮ್ಯಾಬನ್ನು ಅದೇ ಪರೀಕ್ಷೆಯಲ್ಲಿ ೪,೧೧೬ ರೋಗಿಗಳ ನಡುವೆ ತೂಗಿದಾಗ, ೨೮ ದಿನಗಳಲ್ಲಿ ಸತ್ತವರ ಪ್ರಮಾಣ ಶೇಕಡಾ ೩೫ರಿಂದ ೩೧ಕ್ಕೆ ಇಳಿಯಿತು. ೨೦೨೧ರ ಬೇಸಿಗೆಯಲ್ಲಿ ಭಾರತದಲ್ಲಿ ಅದಕ್ಕೆ ಅಭಾವವುಂಟಾದಾಗ ಕಾಳಸಂತೆಯಲ್ಲಿ ಮಾರಿದವರೂ ಇದ್ದರು. ಆ ವ್ಯಾಪಾರದ ವಿಷಯ ಬೇರೆಯೇ ಒಂದು ಲೇಖನಕ್ಕಾಗುವಷ್ಟಿದೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಈ ನಿರ್ಣಾಯಕ ಜ್ಞಾನವನ್ನು ಕೊಟ್ಟವರು ಮನುಷ್ಯರು. ಆ ಮದ್ದುಗಳ ಪೂರ್ವಚರಿತ್ರೆಯಲ್ಲಿ ಪ್ರಾಣಿಗಳಿವೆ, ನಿಜ. ಆದರೆ ಅವು ಕೋವಿಡಿನಲ್ಲಿ ಹಿತವೋ ಅಹಿತವೋ ಎಂಬುದನ್ನು ತಿಳಿಸಿದವರು ಆಸ್ಪತ್ರೆಯ ಹಾಸಿಗೆಯಲ್ಲಿದ್ದ ಸಾವಿರಾರು ರೋಗಿಗಳು. ಮಾತಾಡಬಲ್ಲವರು ತಾವೇ ಒಪ್ಪಿದರು, ಮಾತಾಡಲಾಗದವರ ಪರವಾಗಿ ಅವರ ಹಿತೈಷಿಗಳು ಒಪ್ಪಿದರು. ಮದ್ದು ತನಗೆ ಬೀಳುವುದೋ ಇಲ್ಲವೋ ಎಂಬ ನಿಶ್ಚಯವಿಲ್ಲದೆ ಒಪ್ಪಿದವರಲ್ಲಿ ಅನೇಕರು ಬದುಕಿ ಮನೆಗೆ ಬರಲಿಲ್ಲ. ತಾನಾಗಿ ಹೊತ್ತ ಕಷ್ಟಕ್ಕೂ ಇನ್ನೊಬ್ಬರ ಮೇಲೆ ಹೊರಿಸಿದ ಕಷ್ಟಕ್ಕೂ ಇರುವ ಭೇದವನ್ನು ಪರೀಷಹಜಯದ ಮಾತು ಕೇಳಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಲಿ ಒಪ್ಪಿಗೆ ಕೊಡಲಾರದು. ಮನುಷ್ಯ ಕೊಡಬಲ್ಲ. ಔಷಧದಾನವನ್ನು ಸ್ವೀಕರಿಸಿದವನು ತೀರಿಸಬಹುದಾದ ಋಣ ಇದ್ದರೆ ಅದು ಇಲ್ಲಿಯೇ: ಮುಂದಿನ ಇಲಿಯ ಬದಲು ತನ್ನ ದೇಹದಿಂದ ತಿಳಿಯಬಹುದಾದುದನ್ನು ತಿಳಿಯಗೊಡುವುದು.

ಕಾನೂನೂ ಈ ಕಡೆಗೆ ಸರಿಯತೊಡಗಿದೆ. ಹೊಸ ಔಷಧವನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಲೇಬೇಕೆಂಬ ಕಡ್ಡಾಯವನ್ನು ಅಮೆರಿಕವು ೨೦೨೨ರ ಡಿಸೆಂಬರಿನಲ್ಲಿ ತೆಗೆಯಿತು. ಭಾರತವು ೨೦೨೩ರಲ್ಲಿ ತನ್ನ ನಿಯಮಗಳನ್ನು ತಿದ್ದಿ, ಮಾನವ ಜೀವಕೋಶ ಹಾಗೂ ಗಣಕಾಧಾರಿತ ವಿಧಾನಗಳಿಗೆ ಎಡೆ ಮಾಡಿಕೊಟ್ಟಿತು. ಪ್ರತಿಕಾಯ ಔಷಧಗಳಲ್ಲಿ ಪ್ರಾಣಿಪರೀಕ್ಷೆಯನ್ನು ಹಂತಹಂತವಾಗಿ ಇಳಿಸುವ ಯೋಜನೆಯನ್ನು ೨೦೨೫ರ ಏಪ್ರಿಲಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಪ್ರಕಟಿಸಿತು. ಇಲಿಗಳ ಪಂಜರ ನಾಳೆಯೇ ಬರಿದಾಗುವುದೆಂದು ಇದರ ಅರ್ಥವಲ್ಲ. ಬಾಗಿಲ ಅಗಳಿ ಸಡಿಲವಾಗಿದೆ, ನೂಕಲು ಹಣವೂ ಜನರೂ ಬೇಕು. ಪಿಂಜರಾಪೋಲಿಗೆ ಮೇವು, ಆಸ್ಪತ್ರೆಗೆ ಹಾಸಿಗೆ ಎಂದು ಪ್ರತಿವರ್ಷ ದತ್ತಿ ಬರೆಯಿಸುವ ಸಮಾಜದ ದಾನಪಟ್ಟಿಯಲ್ಲಿ ಮಾನವ ಊತಕದ ಸಂಶೋಧನೆಗೆ ಒಂದು ಸಾಲಾದರೂ ಇರುವುದು ತೀರ ಅಪೂರ್ವ.

ಬೇಕಾದ ವಸ್ತು ದುರ್ಲಭವೂ ಅಲ್ಲ. ಮಂಡಿಯ ಕೀಲನ್ನು ಬದಲಿಸುವ ಶಸ್ತ್ರಚಿಕಿತ್ಸೆ ಈಗ ಜಿಲ್ಲಾಕೇಂದ್ರಗಳಲ್ಲಿಯೂ ನಡೆಯುತ್ತದೆ. ರೋಗಿಯು ಒಪ್ಪಿ ಸಹಿ ಹಾಕಿದರೆ, ನೈತಿಕ ಸಮಿತಿಯ ಅನುಮತಿಯಿದ್ದರೆ, ಆಗ ತೆಗೆದ ಒಳಪೊರೆಯು ಪ್ರಯೋಗಶಾಲೆಗೆ ಹೋಗಬಹುದು. ೧೯೮೯ರ ಸುಳಿವು ದೊರೆತದ್ದು ಅಂಥದೇ ಪೊರೆಯಿಂದ. ಯಾರೂ ಕೇಳದಿದ್ದರೆ, ಯಾರೂ ಕೊಡುತ್ತೇವೆನ್ನದಿದ್ದರೆ, ಅದು ಹಳದಿ ಚೀಲವನ್ನು ಸೇರಿ, ಆಸ್ಪತ್ರೆಯ ಉಳಿದ ತ್ಯಾಜ್ಯದೊಡನೆ ಸುಡುವ ಕುಲುಮೆಗೆ ಹೋಗುತ್ತದೆ.