ಅವನೇ ಈ ದೇವದತ್ತ

ವೇದಾಂತದ ಪಾಠದಲ್ಲಿ ಉದಾಹರಣೆಯಾಗಿ ದೇವದತ್ತ ಎಂಬೊಬ್ಬ ಬಂದೇ ಬರುತ್ತಾನೆ. ಹಿಂದೆಂದೋ ಬೇರೆ ಊರಿನಲ್ಲಿ ಕಂಡವನನ್ನು ಇಂದು ಇಲ್ಲಿ ಕಂಡು ‘ಅವನೇ ಇವನು’ ಎನ್ನುತ್ತೇವೆ. ಆಗಿನ ಊರು, ಆಗಿನ ಕಪ್ಪು ಕೂದಲು, ಈಗಿನ ನರೆ ಇವನ್ನೆಲ್ಲ ಬಿಟ್ಟಮೇಲೆ ಉಳಿಯುವ ಒಬ್ಬನನ್ನು ಗುರುತಿಸುತ್ತೇವೆ. ಕಾಲೇಜಿನಲ್ಲಿ ಇದನ್ನು ಕಲಿಸುತ್ತಿದ್ದ ನನಗೆ, ಪಾಸ್‌ವರ್ಡಿನ ಬದಲು ಬಂದಿರುವ ವಿಧಾನಗಳನ್ನು ಕಂಡಾಗ ಅದೇ ಪ್ರಶ್ನೆ ಏಳುತ್ತದೆ: ಯಂತ್ರ ಗುರುತಿಸುವುದು ಯಾರನ್ನು?

ಪಾಸ್‌ವರ್ಡ್ ಕೇಳುವುದು ನೆನಪನ್ನು. 1960ರ ದಶಕದ ಆರಂಭದಲ್ಲಿ ಎಂಐಟಿಯಲ್ಲಿ ಒಂದೇ ಕಂಪ್ಯೂಟರನ್ನು ಹಲವರು ಹಂಚಿಕೊಂಡಾಗ ಬಳಕೆಗೆ ಬಂದ ಏರ್ಪಾಡು ಅದು. ಪಾಸ್‌ವರ್ಡಿನಲ್ಲಿ ಗುಟ್ಟನ್ನು ಪ್ರತಿಸಲವೂ ಎದುರಿನವರಿಗೆ ಹೇಳಲೇಬೇಕು, ನಂಬಿಸಿ ಕೇಳಿದ ಕಳ್ಳನಿಗೂ. ಅದರ ಬದಲು ಬಂದಿರುವ ಪಾಸ್‌ಕೀಯಲ್ಲಿ ಹಾಗಿಲ್ಲ. ಫೋನು ಒಂದು ಜೋಡಿ ಕೀಲಿ ತಯಾರಿಸಿ, ಒಂದನ್ನು ನಾವು ಪ್ರವೇಶಿಸುವ ತಾಣಕ್ಕೆ, ಬ್ಯಾಂಕಿಗೆ ಎನ್ನೋಣ, ಕೊಡುತ್ತದೆ. ಗುಟ್ಟಿನದು ನಮ್ಮ ಕಡೆಯೇ ಉಳಿಯುತ್ತದೆ. ಪ್ರತಿಸಲ ಬ್ಯಾಂಕು ಹೊಸದೊಂದು ಸಂಖ್ಯೆ ಕಳಿಸಿದರೆ, ಗುಟ್ಟಿನ ಕೀಲಿಯಿಂದ ಫೋನು ಅದಕ್ಕೆ ಸಹಿ ಹಾಕಿ ಮರಳಿಸುತ್ತದೆ. ಸಹಿಗೆ ಒಪ್ಪಿಗೆ ಕೊಡಲು ಬೆರಳೊತ್ತಿದರೂ ಆ ಗುರುತು ಫೋನಿನಾಚೆ ಹೋಗುವುದಿಲ್ಲ. ಪಾಸ್‌ಕೀಯ ಈ ವಿನಯ ನನಗೆ ತುಂಬ ಹಿಡಿಸುತ್ತದೆ. ‘ಮೊದಲು ಬಂದವರೇ ತಾನೆ?’ ಎಂದಷ್ಟೇ ಅದು ಕೇಳುತ್ತದೆ. ದೇವದತ್ತನ ಪ್ರಶ್ನೆಯೂ ಅಷ್ಟೇ.

ದೇಹವನ್ನೇ ಗುರುತಾಗಿ ದೂರದ ಕಡತದಲ್ಲಿಡುವುದು ಬೇರೆ ಮಾತು. ಆಧಾರ್ ಹತ್ತು ಬೆರಳು, ಎರಡು ಕಣ್ಣಿನ ಪಾಪೆ ದಾಖಲಿಸುತ್ತದೆ. ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು, ಬೆರಳನ್ನು ಬದಲಿಸಲಾಗದು. ಆದರೆ ಬೆರಳಿನ ಗೆರೆ ಸವೆಯುತ್ತದೆ. ಮಲೆನಾಡಿನ ನಮ್ಮ ದೊಡ್ಡಮ್ಮ ಬದುಕಿಡೀ ಅಡಿಕೆ ಸುಲಿದವರು. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿಗಾಗಿ ಹೆಬ್ಬೆಟ್ಟು ಕೊಟ್ಟರೆ ಆಧಾರ್ ಗುರುತಿಗೆ ಹೊಂದಲಿಲ್ಲ. ಸೆರಗಿಗೆ ಒರೆಸಿ, ನೀರು ಹಚ್ಚಿ, ಇನ್ನೊಂದು ಬೆರಳಿಟ್ಟರು. ಅದೂ ಆಗಲಿಲ್ಲ. “ನೀವ್ಯಾರು ಅಂತ ನಂಗೊತ್ತಿಲ್ವಾ ಅಮ್ಮಾ, ಮಿಷಿನ್ ತಗೋತಿಲ್ಲ” ಎಂದರು ಅಂಗಡಿಯವರು. ವೇದಾಂತಿ ಬಿಡು ಎಂದ ಚರ್ಮದ ಗೆರೆಯನ್ನೇ ಯಂತ್ರ ವ್ಯಕ್ತಿಯೆಂದು ಹಿಡಿದಿತ್ತು.

ಫೋನಿಲ್ಲದ ದೊಡ್ಡಮ್ಮನಿಗೆ ಪಾಸ್‌ಕೀಯೂ ಒದಗದು. ಉಳಿಯುವುದು ಅವರನ್ನು ಬಲ್ಲವರ ಮಾತು. ನ್ಯಾಯದರ್ಶನದ ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನಗಳ ಜೊತೆಗೆ ಆಪ್ತರ, ಅಂದರೆ ನಂಬಲರ್ಹರ, ಮಾತನ್ನೂ ಪ್ರಮಾಣವೆಂದು ಒಪ್ಪಿದರು. ಆಪ್ತನೆನಿಸಿಕೊಂಡವನೇ ಸುಳ್ಳು ಹೇಳಿ ಅಕ್ಕಿ ಕದ್ದಾನು ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ಇಬ್ಬರ ಸಾಕ್ಷಿ, ಸಹಿ, ಆಮೇಲೊಂದು ತಪಾಸಣೆ ಇರಲಿ. ಆದರೆ ಬೆರಳು ಹೊಂದದ ದಿನ ಅಂಗಡಿಯವರ ಆ ಮಾತು ನಡೆಯಬೇಕು, ಅಕ್ಕಿ ಅಂದೇ ಸಿಗಬೇಕು.